ಡಸ್ಟ್ ಕಲೆಕ್ಟರ್ ಎಳೆಯದಿದ್ದರೆ ಮೋಟಾರನ್ನು ದೂರುವ ಮೊದಲು

ತೋಟದಿಂದ ಬಂದ ಸಿಲ್ವರ್ ಓಕ್ ಮರವನ್ನು ಕೊಯ್ದು ಪೀಠೋಪಕರಣ ಮಾಡುವ ಚಿಕ್ಕಮಗಳೂರಿನ ಶೆಡ್‌ಗಳಲ್ಲಿ ಮಳೆಗಾಲ ಹಿಡಿದ ಮೇಲೆ, ಹೊಟ್ಟನ್ನೂ ಪುಡಿಯನ್ನೂ ಹೀರುವ ಡಸ್ಟ್ ಕಲೆಕ್ಟರ್ ಮೇಲಿನ ದೂರು ಹೆಚ್ಚು. ಮೋಟಾರು ಎಂದಿನಂತೆ ತಿರುಗುತ್ತದೆ, ಸದ್ದೂ ಬರುತ್ತದೆ, ಆದರೆ ಗರಗಸದ ಮೇಜಿನ ಮೇಲೆ ಹೊಟ್ಟು ಹಾಗೇ ಉಳಿಯುತ್ತದೆ. ಆಗ ಮೊದಲು ಹೊಳೆಯುವುದು 2 ಎಚ್‌ಪಿ ಮೋಟಾರು ತೆಗೆದು 3 ಎಚ್‌ಪಿಯದನ್ನು ಕೂರಿಸುವ ಯೋಚನೆ. ಹಣ ಖರ್ಚಾಗಿಯೂ ದೋಷ ಉಳಿಯುವ ದಾರಿ ಅದೆಂದು ನಾನು ನಂಬುತ್ತೇನೆ. ಹೋದ ತಿಂಗಳು ಸಾಲುತ್ತಿದ್ದ ಮೋಟಾರು ಈಗ ಸಾಲದಾಗಿದ್ದರೆ, ಕೆಟ್ಟಿರುವುದು ಬಹುಮಟ್ಟಿಗೆ ಗಾಳಿಯ ಹಾದಿ.

ಬ್ಲೋವರ್‌ನೊಳಗಿನ ಇಂಪೆಲ್ಲರ್, ಅಂದರೆ ಮೋಟಾರು ತಿರುಗಿಸುವ ರೆಕ್ಕೆಗಳ ಚಕ್ರ, ಗಾಳಿಯನ್ನು ಸುತ್ತಲೂ ಎಸೆದಾಗ ಅದರ ನಡುವೆ ಒತ್ತಡ ಕುಸಿಯುತ್ತದೆ, ಆ ಕೊರತೆಯನ್ನು ತುಂಬಲು ಶೆಡ್ಡಿನ ಗಾಳಿ ಕೊಳವೆಯೊಳಕ್ಕೆ ನುಗ್ಗುತ್ತದೆ. ವಾಯುಮಂಡಲದ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮವಾದರೆ, ಸಾವಿರ ಮೀಟರಿಗಿಂತ ಎತ್ತರದಲ್ಲಿರುವ ಚಿಕ್ಕಮಗಳೂರಿನಲ್ಲಿ ಅದು ಸುಮಾರು 9 ಮೀಟರ್. ಸಣ್ಣ ಡಸ್ಟ್ ಕಲೆಕ್ಟರ್ ಇದರಲ್ಲಿ ಉಂಟುಮಾಡುವ ವ್ಯತ್ಯಾಸ ಹತ್ತಿಪ್ಪತ್ತು ಸೆಂಟಿಮೀಟರ್ ಮಾತ್ರ. ಇಷ್ಟು ಅಲ್ಪ ವ್ಯತ್ಯಾಸದ ಮೇಲೆ ಎಲ್ಲವೂ ನಿಂತಿರುವುದರಿಂದಲೇ ಕೊಳವೆಯ ಒಂದು ಬಿರುಕು ಅಥವಾ ಬಿಗಿಯಿಲ್ಲದ ಒಂದು ಕ್ಲಿಪ್ಪು ಇಡೀ ಯಂತ್ರವನ್ನು ಸೊರಗಿಸಬಲ್ಲದು.

ಎಳೆತ ಕಡಿಮೆಯಾಗಿದೆ ಎಂಬ ಒಂದೇ ದೂರಿನ ಹಿಂದೆ ಎರಡು ವಿರುದ್ಧ ದೋಷಗಳಿರಬಹುದು. ಎಳನೀರಿನ ಸ್ಟ್ರಾ ಒಳಗೆ ಗಂಜಿ ಸಿಕ್ಕಿಕೊಂಡರೂ ನೀರು ಬಾಯಿಗೆ ಬರುವುದಿಲ್ಲ, ಸ್ಟ್ರಾ ಸೀಳಿದ್ದರೂ ಬರುವುದಿಲ್ಲ; ಆದರೆ ಮೊದಲನೆಯದರಲ್ಲಿ ಕೆನ್ನೆ ಒಳಕ್ಕೆ ಹೋಗುತ್ತದೆ, ಎರಡನೆಯದರಲ್ಲಿ ಬರೀ ಗಾಳಿ ಬರುತ್ತದೆ. ಯಂತ್ರದಲ್ಲಿ ಇದನ್ನು ಗುರುತಿಸಲು ಗಾರೆ ಕೆಲಸದವರ ಮಟ್ಟದ ಪೈಪು ಸಾಕು. ಬ್ಲೋವರ್‌ಗೆ ಒಂದೆರಡು ಅಡಿ ಮುಂಚೆ ಕೊಳವೆಯಲ್ಲಿ ಸಣ್ಣ ರಂಧ್ರ ಕೊರೆದು, ಬಣ್ಣದ ನೀರು ಅರ್ಧ ತುಂಬಿ ಯು ಆಕಾರದಲ್ಲಿ ಬಾಗಿಸಿದ ಪೈಪಿನ ಒಂದು ತುದಿಯನ್ನು ಅದಕ್ಕೆ ಬಿಗಿಯಾಗಿ ಸೇರಿಸಿ, ಇನ್ನೊಂದನ್ನು ತೆರೆದಿಟ್ಟರೆ, ಎರಡು ತೋಳುಗಳ ನೀರಿನ ಮಟ್ಟದ ಅಂತರವೇ ಒತ್ತಡದ ಅಳತೆ. ಯಂತ್ರ ಚೆನ್ನಾಗಿದ್ದಾಗಲೇ ಈ ಅಂತರವನ್ನು ಗೋಡೆಯ ಮೇಲೆ ಬರೆದಿಟ್ಟಿರಬೇಕು. ಅಂತರ ಹಿಂದಿಗಿಂತ ಹೆಚ್ಚಾಗಿದ್ದರೆ ರಂಧ್ರಕ್ಕೂ ಗರಗಸಕ್ಕೂ ನಡುವೆ ಎಲ್ಲೋ ಹೊಟ್ಟು ಕಟ್ಟಿಕೊಂಡಿದೆ. ಕಡಿಮೆಯಾಗಿದ್ದರೆ ಆ ಭಾಗದಲ್ಲಿ ಸೋರಿಕೆಯಿರಬೇಕು, ಇಲ್ಲವೇ ದೋಷ ಬ್ಲೋವರ್‌ನಲ್ಲಿ ಅಥವಾ ಅದರಾಚೆ ಪುಡಿ ಹಿಡಿದು ಗಾಳಿ ಹೊರಬಿಡುವ ಬಟ್ಟೆಯ ಚೀಲದಲ್ಲಿರಬೇಕು.

ಸೋರಿಕೆಯನ್ನು ಚೀಲದ ದೋಷದಿಂದ ಬೇರ್ಪಡಿಸುವುದು ಎಲೆಕ್ಟ್ರಿಷಿಯನ್ ಬಳಿಯಿರುವ, ವೈರಿನ ಸುತ್ತ ಹಿಡಿದು ಆಂಪಿಯರ್ ಅಳೆಯುವ ಟಾಂಗ್ ಟೆಸ್ಟರ್. ದಾರಿ ಕಟ್ಟಿಕೊಂಡಾಗ ಮೋಟಾರು ತಿಣುಕಿ ಹೆಚ್ಚು ವಿದ್ಯುತ್ ಎಳೆಯುತ್ತದೆ ಎಂದು ಊಹಿಸುವುದು ಸಹಜ, ಆದರೆ ನಡೆಯುವುದು ಅದಕ್ಕೆ ತದ್ವಿರುದ್ಧ: ಇಂಪೆಲ್ಲರ್‌ಗೆ ಹೊರೆ ಎಂದರೆ ಅದು ಎಸೆಯಬೇಕಾದ ಗಾಳಿ, ಗಾಳಿ ಕಡಿಮೆಯಾದರೆ ಆಂಪಿಯರ್ ಕೂಡ ಇಳಿಯುತ್ತದೆ. ಆದ್ದರಿಂದ ನೀರಿನ ಅಂತರ ಕಡಿಮೆಯಾಗಿ ಆಂಪಿಯರ್ ಏರಿದ್ದರೆ ಸೋರಿಕೆ, ಎರಡೂ ಇಳಿದಿದ್ದರೆ ಚೀಲ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಸೋರಿಕೆ ಹುಡುಕಲು ಊದುಬತ್ತಿಯ ಹೊಗೆ ಅನುಕೂಲವೆನಿಸಿದರೂ ಮರದ ಪುಡಿ ತುಂಬಿದ ಕೊಳವೆಗೆ ಕಿಡಿ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಜೋಡಣೆಗಳ ಬಳಿ ನೂಲಿನ ಎಳೆಯೊಂದನ್ನು ಹಿಡಿದು ನೋಡಿದರೆ ಸಾಕು.

ಚೀಲ ಶುಚಿಯಾಗಿಯೇ ಇದ್ದು ಅಂತರ ಮಾತ್ರ ಕಡಿಮೆಯಿದ್ದರೆ ಇಂಪೆಲ್ಲರ್ ಯಾವ ದಿಕ್ಕಿಗೆ ತಿರುಗುತ್ತಿದೆ ಎಂದು ನೋಡಬೇಕು. ತ್ರೀ ಫೇಸ್ ಮೋಟಾರಿನ ಯಾವುದೇ ಎರಡು ಫೇಸ್ ಅದಲುಬದಲಾದರೆ ಅದು ಹಿಮ್ಮುಖವಾಗಿ ತಿರುಗುತ್ತದೆ. ಮೋಟಾರನ್ನು ಬಿಚ್ಚಿ ಮರುಜೋಡಿಸಿದಾಗಲೋ ಲೈನು ರಿಪೇರಿಯಾದ ಮೇಲೋ ಹೀಗಾಗುವುದುಂಟು. ಗರಗಸದಲ್ಲಾದರೆ ತಕ್ಷಣ ಗೊತ್ತಾಗುವ ಈ ದೋಷ ಬ್ಲೋವರ್‌ನಲ್ಲಿ ಅಡಗಿರುತ್ತದೆ, ಏಕೆಂದರೆ ಇಂಪೆಲ್ಲರ್ ಎತ್ತ ತಿರುಗಿದರೂ ಗಾಳಿಯನ್ನು ಹೊರಕ್ಕೇ ಎಸೆಯುತ್ತದೆ, ಆ ಗಾಳಿ ಅದೇ ಬಾಯಿಯಿಂದಲೇ ಹೊರಬರುತ್ತದೆ. ಸುರುಳಿಯಾಕಾರದ ಕವಚಕ್ಕೆ ಎದುರಾಗಿ ಹರಿಯಬೇಕಾದ್ದರಿಂದ ಬಲ ಮಾತ್ರ ಬಹಳ ಕುಗ್ಗಿರುತ್ತದೆ. ಪಂಪ್‌ಸೆಟ್ ಉಲ್ಟಾ ತಿರುಗಿದಾಗ ನೀರು ಸಣ್ಣಗೆ ಬರುವುದನ್ನು ಕಂಡ ರೈತರಿಗೆ ಇದು ಹೊಸದಲ್ಲ. ಸ್ವಿಚ್ ಆರಿಸಿದ ಮೇಲೆ ಮೋಟಾರಿನ ಹಿಂಬದಿಯ ಫ್ಯಾನು ನಿಧಾನವಾಗುವಾಗ ಅದರ ದಿಕ್ಕನ್ನು ಕವಚದ ಮೇಲಿನ ಬಾಣದ ಗುರುತಿಗೆ ಹೋಲಿಸಬಹುದು. ತಪ್ಪಿದ್ದರೆ ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ಎರಡು ವೈರು ಬದಲಿಸಿದರೆ ಮುಗಿಯಿತು.

ಮಳೆಗಾಲದ ನಿಜವಾದ ತೊಂದರೆ ಚೀಲದ್ದು. ಉಜ್ಜುವಾಗ ಏಳುವ ನವಿರು ಪುಡಿ ತೇವ ಹೀರಿ ಬಟ್ಟೆಯ ಒಳಮೈಯಲ್ಲಿ ಹಪ್ಪಳಗಟ್ಟುತ್ತದೆ, ಹಸಿ ಮರ ಕೊಯ್ದರೆ ಇನ್ನಷ್ಟು. ಯಂತ್ರ ನಿಲ್ಲಿಸಿ ಚೀಲ ಕೊಡವಬೇಕು. ಅದೂ ಶೆಡ್ಡಿನ ಹೊರಗೆ, ಮಾಸ್ಕ್ ಧರಿಸಿ. ಚೀಲಕ್ಕೆ ಮುಂಚೆ ಗಾಳಿಯನ್ನು ಸುತ್ತಿಸಿ ಹೊಟ್ಟನ್ನು ಕೆಳಗೆ ಬೀಳಿಸುವ ಸೈಕ್ಲೋನ್ ಇದ್ದೂ ಚೀಲ ಬೇಗ ಕಟ್ಟುತ್ತಿದ್ದರೆ ಅದರ ಕೆಳಗಿನ ಡ್ರಮ್ಮಿನ ಮುಚ್ಚಳ ಪರೀಕ್ಷಿಸಿ: ಅಲ್ಲಿ ಒಳನುಸುಳಿದ ಗಾಳಿ ಕೆಳಗೆ ಬಿದ್ದ ಪುಡಿಯನ್ನು ನಡುವಿನ ಸುಳಿಯೊಂದಿಗೆ ಮೇಲೆತ್ತಿ ಚೀಲಕ್ಕೆ ಒಯ್ಯುತ್ತದೆ.

ಯಂತ್ರ ಹೊಸದಿದ್ದಾಗಿನಿಂದಲೂ ಎಳೆತ ಸಾಲದಿದ್ದರೆ ಕೊಳವೆಯ ಅಳತೆ ನೋಡಬೇಕು. ವ್ಯಾಸ ಕಿರಿದಾದಂತೆ, ಅಷ್ಟೇ ಗಾಳಿ ಹರಿಸಲು ಬೇಕಾದ ಒತ್ತಡ ವ್ಯಾಸದ ಸುಮಾರು ಐದನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆ. 4 ಇಂಚಿನ ಕೊಳವೆಯ ಬದಲು ಎರಡೂವರೆ ಇಂಚಿನದು ಹಾಕಿದರೆ ನಷ್ಟ ಸುಮಾರು ಹತ್ತು ಪಟ್ಟು.

ಇನ್ನು ಹೀರುವ ಬಾಯಿ ಇರುವ ಜಾಗ. ತೆರೆದ ಕೊಳವೆಯ ಮುಂದೆ ಅದರ ವ್ಯಾಸದಷ್ಟು ದೂರದಲ್ಲೇ ಗಾಳಿಯ ವೇಗ ಬಾಯಲ್ಲಿದ್ದುದರ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ದಪ್ಪ ಹೊಟ್ಟು ನೆಲಕ್ಕೆ ಬಿದ್ದರೆ ಗುಡಿಸಬಹುದು, ಕಣ್ಣಿಗೆ ಕಾಣದ ಪುಡಿ ಗಾಳಿಯಲ್ಲೇ ತೇಲುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ಆದ್ದರಿಂದ 4 ಇಂಚಿನ ಕೊಳವೆಯ ಬಾಯನ್ನು ಧೂಳು ಏಳುವ ಜಾಗದಿಂದ 4 ಇಂಚಿಗಿಂತ ಹತ್ತಿರಕ್ಕೆ ತರಬೇಕು, ಅದು ಆಗದ ಯಂತ್ರಗಳಿಗೆ ಬ್ಲೇಡಿನ ಸುತ್ತ ಪೆಟ್ಟಿಗೆಯಂತೆ ಮುಚ್ಚಿಗೆ ಕಟ್ಟಿಸಬೇಕು.