ನಾಯಿಯ ಶುಗರಿಗೆ ಆಯಿಯ ಮಾತ್ರೆ ಕೊಡಬಹುದಾ?

ಪ್ರಶ್ನೆ: ನಮ್ಮದು ಸಿರ್ಸಿ ಹತ್ತಿರದ ಹಳ್ಳಿ. ಒಂಬತ್ತು ವರ್ಷದ ಹೆಣ್ಣು ನಾಯಿ ಇದೆ. ಒಂದು ತಿಂಗಳಿಂದ ವಿಪರೀತ ನೀರು ಕುಡಿಯುತ್ತಿದೆ. ಚೆನ್ನಾಗಿ ತಿಂದರೂ ಬಡಕಲಾಗಿದೆ. ಅಂಗಳದಲ್ಲಿ ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತುತ್ತವೆ. ಡಾಕ್ಟರು ಶುಗರ್ ಅಂದರು, ದಿನಾ ಇಂಜೆಕ್ಷನ್ ಬೇಕಂತೆ. ಆಯಿ ತಗೊಳ್ಳುವ ಮಾತ್ರೆಯನ್ನೇ ಕೊಟ್ಟರೆ ಆಗದಾ?

ಉತ್ತರ: ಆಗುವುದಿಲ್ಲ. ದಯವಿಟ್ಟು ಕೊಡಬೇಡಿ.

ಹೊಟ್ಟೆಯೊಳಗೆ ಜಠರದ ಮಗ್ಗುಲಲ್ಲಿ ಮೇದೋಜೀರಕ ಗ್ರಂಥಿ ಇದೆ. ಊಟ ಅರಗಿಸುವ ರಸ ಅದರಿಂದ ಬರುತ್ತದೆ, ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಕೂಡ. ನಾಯಿಗೆ ಶುಗರ್ ಬಂತೆಂದರೆ ಸಾಮಾನ್ಯವಾಗಿ ಇನ್ಸುಲಿನ್ ಮಾಡುವ ಜೀವಕೋಶಗಳೇ ಹಾಳಾಗಿರುತ್ತವೆ. ಮನುಷ್ಯರ ಮಾತ್ರೆಗಳಲ್ಲಿ ಹೆಚ್ಚಿನವು ಒಳಗೆ ಇನ್ನೂ ಉಳಿದಿರುವ ಇನ್ಸುಲಿನ್ನನ್ನು ನಂಬಿಕೊಂಡು ಕೆಲಸ ಮಾಡುತ್ತವೆ. ಬಾವಿಯೇ ಬತ್ತಿದ ಮೇಲೆ ಪಂಪು ಹಾಕಿ ಏನು ಬಂತು? ಅದಕ್ಕೇ ಇನ್ಸುಲಿನ್ನನ್ನು ಹೊರಗಿಂದ ಚುಚ್ಚಬೇಕು, ಡಾಕ್ಟರು ಹೇಳಿದ ಇಂಜೆಕ್ಷನ್ ಅದೇ.

ಇರುವೆಯ ವಿಷಯ ನೀವು ಗಮನಿಸಿದ್ದು ತುಂಬಾ ಒಳ್ಳೆಯದಾಯಿತು. ನಾಯಿಯ ರಕ್ತದಲ್ಲಿ ಸಕ್ಕರೆ ಸುಮಾರು 200 ದಾಟಿದರೆ ಮೂತ್ರದಲ್ಲಿ ಸೋರತೊಡಗುತ್ತದೆ. ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಆ ಬಾಯಾರಿಕೆ. ನೀರಿನ ಬಟ್ಟಲು ಮಾತ್ರ ಎತ್ತಿಡಬೇಡಿ.

ಸಂತಾನಹರಣ ಆಪರೇಷನ್ ಆಗಿದೆಯಾ ಅಂತ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಡಾಕ್ಟರ ಹತ್ತಿರ ಕೇಳಿ. ಬೆದೆ ಮುಗಿದ ಮೇಲೆ ಕೆಲವು ವಾರ ಮೈಯಲ್ಲಿರುವ ಹಾರ್ಮೋನು ಇನ್ಸುಲಿನ್ನಿಗೆ ಅಡ್ಡ ಬರುತ್ತದೆ. ಆಪರೇಷನ್ ಮಾಡಿಸದೆ ಶುಗರ್ ಹಿಡಿತಕ್ಕೆ ತರುವುದು ಕಷ್ಟ.

ಇಂಜೆಕ್ಷನ್ ಅಂದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ನನಗೂ ಹಾಗೇ ಆಗಿತ್ತು. ನಮ್ಮ ಕರಿಯನಿಗೆ ಮೊದಲ ದಿನ ಚುಚ್ಚುವಾಗ ನನ್ನ ಕೈ ನಡುಗಿತ್ತು. ಅವನು ಮಾತ್ರ ತಟ್ಟೆ ನೆಕ್ಕುತ್ತಲೇ ಇದ್ದ. ಬೆನ್ನಿನ ಮೇಲಿನ ಸಡಿಲ ಚರ್ಮ ಎತ್ತಿದರೆ ಒಂದು ಪುಟ್ಟ ಗುಡಾರದ ಹಾಗಾಗುತ್ತದೆ. ಸೂಜಿ ಅದರೊಳಗೆ ಹೋಗಬೇಕು, ಅಷ್ಟೇ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, 12 ಗಂಟೆ ಅಂತರದಲ್ಲಿ, ಊಟ ಮಾಡಿದ ಮೇಲೆ.

ಸಿರಿಂಜಿನ ಬಗ್ಗೆ ಒಂಚೂರು ಜಾಸ್ತಿ ಹೇಳಲೇಬೇಕು. ಇನ್ಸುಲಿನ್ ಬಾಟಲಿಗಳಲ್ಲಿ 40ರದ್ದು, 100ರದ್ದು ಅಂತ ಎರಡು ಬಗೆ, ಅಂದರೆ ಒಂದು ಮಿಲಿಲೀಟರಿನಲ್ಲಿ ಅಷ್ಟು ಯೂನಿಟ್ ಔಷಧ. ಸಿರಿಂಜಿನಲ್ಲೂ ಎರಡು ಬಗೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಪ್ರಾಣಕ್ಕೇ ಅಪಾಯ. ಅಂಗಡಿಯಲ್ಲೇ ಎರಡರ ಮೇಲಿನ ಅಂಕಿ ಜೋಡಿಸಿ ನೋಡಿಕೊಂಡು ಬನ್ನಿ.

ಊಟ ಬಿಟ್ಟ ದಿನ ಡಾಕ್ಟರಿಗೆ ಫೋನ್ ಮಾಡದೆ ಚುಚ್ಚಬೇಡಿ. ಸಕ್ಕರೆ ಏರಿದ್ದಕ್ಕಿಂತ ಏಕಾಏಕಿ ಇಳಿದದ್ದು ಬೇಗ ಕೊಲ್ಲುತ್ತದೆ. ನಾಯಿ ತೂರಾಡಿದರೆ, ನಡುಗಿದರೆ, ಮಂಕಾದರೆ ಮನೆಯ ಜೋನಿಬೆಲ್ಲ ಬೆರಳಿಗೆ ಹಚ್ಚಿಕೊಂಡು ಒಸಡಿಗೆ ಸವರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಸುರಿಯಬೇಡಿ, ಉಸಿರಿಗೆ ಸಿಕ್ಕುತ್ತದೆ. ಸವರಿ ಹಾಗೇ ಗಾಡಿ ಹತ್ತಿಸಿ. ಇನ್ಸುಲಿನ್ನೇ ಕೊಡದ ಮುದಿ ನಾಯಿಗೆ ಪದೇ ಪದೇ ಹೀಗಾದರೆ ಬೇರೆ ಕಾಯಿಲೆ ಇರಬಹುದು. ಅದೇ ಗ್ರಂಥಿಯಲ್ಲಿ ಗಡ್ಡೆಯಾಗಿ ಇನ್ಸುಲಿನ್ ಅತಿಯಾಗುವುದೂ ಉಂಟು.

ಬೆಕ್ಕಿನ ಕಥೆ ಬೇರೆ. ಕಾರವಾರದ ಕಡೆ ಮನೆಯೊಳಗೇ ಮಲಗಿ, ಮೀನು-ಅನ್ನ ತಿಂದು ದಪ್ಪಗಾದ ಗಂಡು ಬೆಕ್ಕುಗಳನ್ನು ನೋಡಿರುತ್ತೀರಿ, ಅಲ್ವಾ? ಅಂಥವಕ್ಕೆ ಮನುಷ್ಯರ ಹಾಗೆಯೇ ಶುಗರ್ ಬರುತ್ತದೆ. ಬೇಗ ಹಿಡಿದು ಇನ್ಸುಲಿನ್ ಕೊಟ್ಟು ತೂಕ ಇಳಿಸಿದರೆ ಕೆಲವಕ್ಕೆ ಮುಂದೆ ಇಂಜೆಕ್ಷನ್ನೇ ಬೇಡವಾಗುತ್ತದೆ. ನಾಯಿಗೆ ಆ ಭಾಗ್ಯ ಕಡಿಮೆ.

ಮಳೆಗಾಲದಲ್ಲಿ ನಿಮ್ಮಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಹೆದರಬೇಡಿ, ಬಾಟಲಿಯನ್ನು ಡಬ್ಬಿಯಲ್ಲಿ ಹಾಕಿ ಮಣ್ಣಿನ ಮಡಿಕೆಯ ತಂಪಿನಲ್ಲಿಡಿ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದದ್ದು ನಾಯಿಗಳ ಮೇಲೆ ಪ್ರಯೋಗ ಮಾಡಿಯೇ. ನಿಮ್ಮ ಆಯಿ ಇವತ್ತು ಆರಾಮಾಗಿರುವುದರಲ್ಲಿ ಆ ನಾಯಿಗಳ ಪಾಲೂ ಇದೆ ಅಂತ ನಾನು ನಂಬಿದ್ದೇನೆ.

ಮುಂದಿನ ಸಲ ಹೋದಾಗ ಕಣ್ಣನ್ನೂ ತೋರಿಸಿ. ಶುಗರ್ ಇರುವ ನಾಯಿಗಳಿಗೆ ಪೊರೆ ಬಹಳ ಬೇಗ ಬರುತ್ತದೆ.