ಪ್ಲಾಸ್ಟರನ್ನು ಎಳೆದು ಅಂಟಿಸಬೇಡಿ

ಹೋದ ಮಳೆಗಾಲದ ಮಾತು. ತದಡಿಯ ಒಂದು ಮನೆಯಿಂದ ಬೆಳಗ್ಗೆ ಆರಕ್ಕೇ ಫೋನ್ ಬಂತು. "ಸಿಸ್ಟರ್, ಅಪ್ಪನ ಮೂತ್ರದ ಪೈಪಿನಲ್ಲಿ ರಕ್ತ ಬರ್ತಾ ಉಂಟು. ನಾವು ಎಂತದೂ ಮುಟ್ಲಿಲ್ಲ."

ಆ ಬೆಳಗ್ಗೆ ಮುಟ್ಟಿರಲಿಲ್ಲ ಅನ್ನುವುದು ನಿಜವೇ. ಆದರೆ ಹಿಂದಿನ ರಾತ್ರಿ ಮುಟ್ಟಿದ್ದರು. ಪೈಪು ಕಳಚಿ ಬರಬಾರದು ಅಂತ ಮಗ ಅದನ್ನು ತಂತಿಯ ಹಾಗೆ ಎಳೆದು ತೊಡೆಗೆ ಪ್ಲಾಸ್ಟರ್ ಹಾಕಿದ್ದ. ನಾನು ಎಣಿಸಿದೆ, ಒಂಬತ್ತು ಪಟ್ಟಿ. ರಾತ್ರಿ ಅಜ್ಜ ಮಗ್ಗುಲು ಬದಲಿಸಿದ್ದಾರೆ. ಕಾಲು ಆಚೆ ಹೋಯಿತು, ಪೈಪು ಕಾಲಿನ ಜೊತೆಗೇ ಹೋಯಿತು, ಪೈಪನ್ನು ಒಳಗೆ ಹಿಡಿದಿಡುವ ಅದರ ತುದಿಯ ಬಲೂನು ಮಾತ್ರ ಹೋಗಲು ಜಾಗವಿಲ್ಲದೆ ಮೂತ್ರಚೀಲದ ಬಾಯಿಗೆ ಒತ್ತಿಕೊಂಡಿತು. ಡಾಕ್ಟರಿಗೆ ಫೋನ್ ಮಾಡಿ ಅವರು ಹೇಳಿದ ಹಾಗೆ ನಡೆದುಕೊಂಡೆವು. ಪುಣ್ಯಕ್ಕೆ ಮಧ್ಯಾಹ್ನದ ಹೊತ್ತಿಗೆ ಮೂತ್ರ ತಿಳಿಯಾಯಿತು.

ಮಗ ಬೋಟಿನಲ್ಲಿ ಕೆಲಸ ಮಾಡುವವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ವಾ, ಆ 61 ದಿನ ಅವನು ಮನೆಯಲ್ಲೇ ಇದ್ದು ಅಪ್ಪನ ಚಾಕರಿ ಅಷ್ಟನ್ನೂ ಒಬ್ಬನೇ ಮಾಡುತ್ತಿದ್ದ. ಹಗಲೂ ರಾತ್ರಿ. ಅವನ ಮೇಲೆ ಸಿಟ್ಟು ಮಾಡಲು ನನಗೆ ಮನಸ್ಸಾಗಲಿಲ್ಲ. "ತಮಾ, ದಕ್ಕೆಯಲ್ಲಿ ಬೋಟು ಕಟ್ಟುವಾಗ ಹಗ್ಗ ಹೀಗೇ ಬಿಗಿ ಮಾಡ್ತೀಯಾ?" ಅಂತ ಕೇಳಿದೆ. "ಇಲ್ಲ ಸಿಸ್ಟರ್, ಸಡಿಲ ಬಿಡ್ಬೇಕು. ನೀರು ಇಳಿದಾಗ ಬೋಟು ನೇತಾಡ್ತದೆ, ಇಲ್ಲಾ ಹಗ್ಗ ಕಡೀತದೆ" ಅಂದ. ಹೇಳಿ ಮುಗಿಸುವ ಮೊದಲೇ ಅಪ್ಪನ ತೊಡೆಯ ಕಡೆ ನೋಡಿ ಸುಮ್ಮನಾದ.

ಕುಮಟಾ, ಹೊನ್ನಾವರ, ಅಂಕೋಲಾ ಸುತ್ತಮುತ್ತ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ನಾನು. ಪೈಪಿನ ಸೋಂಕು, ಊಟ ಕೊಡುವ ಕ್ರಮ, ಬ್ಯಾಗ್ ಖಾಲಿ ಮಾಡುವುದು, ಇವೆಲ್ಲ ಹೆಚ್ಚಿನ ಮನೆಯವರಿಗೆ ಎರಡು ದಿನದಲ್ಲಿ ರೂಢಿಯಾಗುತ್ತದೆ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ್ದು ಒಂದೇ ಸಂಗತಿ. ಪ್ಲಾಸ್ಟರನ್ನು ಎಳೆದು ಅಂಟಿಸಬಾರದು, ಪೈಪನ್ನು ಬಿಗಿಯಾಗಿ ಕಟ್ಟಬಾರದು. ಜನರಿಗೆ ಹೆದರಿಕೆ. ಹೆದರಿದ ಕೈ ಬಿಗಿ ಮಾಡುತ್ತದೆ. ಮತ್ತೂ ಹೆದರಿಕೆಯಾದರೆ ಇನ್ನೊಂದು ಪಟ್ಟಿ ಹಾಕುತ್ತದೆ.

ಎಳೆದರೆ ಏನಾಗುತ್ತದೆ ಅಂತ ಹೇಳುತ್ತೇನೆ, ದಯವಿಟ್ಟು ಇಷ್ಟನ್ನು ನಿಧಾನ ಓದಿ.

ಹೆಚ್ಚಿನ ಪ್ಲಾಸ್ಟರಿಗೆ ಸ್ವಲ್ಪ ಹಿಗ್ಗುವ ಗುಣ ಇರುತ್ತದೆ. ಡೈನಾಪ್ಲಾಸ್ಟ್‌ನಂಥ ಬಟ್ಟೆಯ ಪಟ್ಟಿಗಂತೂ ಜಾಸ್ತಿ. ನೀವು ಎಳೆದು ಅಂಟಿಸಿದಿರಿ ಅಂತ ಇಟ್ಟುಕೊಳ್ಳಿ. ಕೈ ಬಿಟ್ಟ ಮೇಲೆ ಅದು ತನ್ನ ಮೊದಲಿನ ಉದ್ದಕ್ಕೆ ಮರಳಲು ನೋಡುತ್ತದೆ. ಆದರೆ ಈಗ ಅದಕ್ಕೆ ಚರ್ಮ ಅಂಟಿದೆ. ಹಾಗಾಗಿ ಚರ್ಮದ ಮೇಲಿನ ಪದರವನ್ನೂ ಎಳೆದುಕೊಂಡೇ ಕುಗ್ಗುತ್ತದೆ. ಹಗಲು ರಾತ್ರಿ ಬಿಡದೆ ಎಳೆಯುತ್ತಲೇ ಇರುತ್ತದೆ. ಮೇಲಿನ ಪದರ ಕೆಳಗಿನ ಪದರದಿಂದ ಬಿಡುತ್ತದೆ, ನಡುವೆ ನೀರು ತುಂಬುತ್ತದೆ. ಅದೇ ಗುಳ್ಳೆ.

ಈ ಗುಳ್ಳೆ ಕಂಡ ಕೂಡಲೇ "ಪ್ಲಾಸ್ಟರ್ ಅಲರ್ಜಿ" ಅನ್ನುತ್ತಾರೆ. ಮೆಡಿಕಲ್ ಶಾಪಿಗೆ ಹೋಗಿ ದುಬಾರಿ ಪಟ್ಟಿ ತರುತ್ತಾರೆ. ಅದನ್ನೂ ಎಳೆದೇ ಅಂಟಿಸುತ್ತಾರೆ. ಮತ್ತೆ ಗುಳ್ಳೆ. ನಾನು ಮೊದಲು ನೋಡುವುದು ಗುಳ್ಳೆ ಎಲ್ಲಿದೆ ಅಂತ. ಪಟ್ಟಿಯ ಎರಡು ತುದಿಯಲ್ಲಿ ಅಥವಾ ಅಂಚಿನಲ್ಲಿ ಮಾತ್ರ ಇದ್ದರೆ ಹೆಚ್ಚಾಗಿ ಎಳೆದದ್ದೇ ಕಾರಣ. ಪಟ್ಟಿ ಇದ್ದಷ್ಟು ಜಾಗವೂ ಅಚ್ಚು ಒತ್ತಿದ ಹಾಗೆ ಕೆಂಪಾಗಿ ತುರಿಸುತ್ತಿದ್ದರೆ ಆಗ ಅಲರ್ಜಿ ಇರಬಹುದು, ಬೆವರಿನಿಂದಲೂ ಆಗಿರಬಹುದು. ಖಚಿತವಾಗಿ ಹೇಳುವುದು ಡಾಕ್ಟರ ಕೆಲಸ. ಆದರೆ ಆ ಎರಡು ತುದಿಗಳನ್ನು ಮೊದಲು ನೋಡಿ.

ಮನೆಯವರು ನಂಬದಿದ್ದರೆ ಅವರ ಕೈಮೇಲೇ ತೋರಿಸುತ್ತೇನೆ. ಮುಂಗೈಗೆ ಒಂದು ಪಟ್ಟಿ ಎಳೆದು ಅಂಟಿಸುತ್ತೇನೆ. ಪಕ್ಕದಲ್ಲಿ ಇನ್ನೊಂದನ್ನು ಸುಮ್ನೆ ಇಟ್ಟು ಬೆರಳಿನಿಂದ ಒತ್ತುತ್ತೇನೆ. ಹತ್ತು ನಿಮಿಷ ಪಾತ್ರೆ ತೊಳೆಯಿರಿ, ಕೈ ಆಡಿಸಿ ಅನ್ನುತ್ತೇನೆ. ಎಳೆದ ಪಟ್ಟಿಯ ಹತ್ತಿರ ಚರ್ಮ ನೆರಿಗೆ ಬಿದ್ದು ಚುರುಚುರು ಅನ್ನುತ್ತಿರುತ್ತದೆ. ಇನ್ನೊಂದು ಇರುವುದೇ ಗೊತ್ತಾಗುವುದಿಲ್ಲ. ಇದು ನಿಮ್ಮ ಗಟ್ಟಿ ಚರ್ಮದ ಮಾತು. ಎಂಬತ್ತು ದಾಟಿದವರ ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ. ಒಳಗಿನ ಹಿಡಿತ ವಯಸ್ಸಿನ ಜೊತೆ ಸಡಿಲವಾಗಿರುತ್ತದೆ. ಸ್ವಲ್ಪ ಎಳೆದರೂ ಸುಲಿದು ಬರುತ್ತದೆ.

ಹಾಗಾದರೆ ಗಟ್ಟಿ ನಿಲ್ಲುವುದು ಹೇಗೆ? ಒತ್ತಿದರೆ ನಿಲ್ಲುತ್ತದೆ. ಪ್ಲಾಸ್ಟರಿನ ಅಂಟು ಒತ್ತಡಕ್ಕೆ ಹಿಡಿಯುವಂಥದ್ದು. ಪಟ್ಟಿಯನ್ನು ಎಳೆಯದೆ ಇಟ್ಟು, ನಡುವಿನಿಂದ ಎರಡೂ ಬದಿಗೆ ಬೆರಳಿನಿಂದ ಮೆಲ್ಲನೆ ಒತ್ತುತ್ತಾ ಹೋಗಿ. ಅರ್ಧ ನಿಮಿಷ ಬೆರಳಿನ ಬಿಸಿ ತಾಗಲಿ. ಒಂದು ಪಟ್ಟಿ ಹೀಗೆ ಒತ್ತಿದ್ದು, ಒಂಬತ್ತು ಪಟ್ಟಿ ಎಳೆದದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಇದು ನಾನು ಇಷ್ಟು ವರ್ಷ ಕಣ್ಣಾರೆ ಕಂಡದ್ದು.

ಚರ್ಮ ಒಣಗಿರಬೇಕು, ಎಣ್ಣೆ ಇರಬಾರದು. ನಮ್ಮ ಕಡೆ ಇದೇ ಕಷ್ಟ. ಹಾಸಿಗೆ ಹಿಡಿದವರಿಗೆ ಪ್ರೀತಿಯಿಂದ ಮೈತುಂಬ ತೆಂಗಿನ ಎಣ್ಣೆ ಹಚ್ಚಿರುತ್ತಾರೆ. ಹಚ್ಚಿ, ಬೇಡ ಅನ್ನುವುದಿಲ್ಲ. ಪಟ್ಟಿ ಬರುವ ಅಂಗೈಯಗಲ ಜಾಗ ಮಾತ್ರ ಬಿಟ್ಟುಬಿಡಿ. ಅಂಟಿಸುವ ಮೊದಲು ಅಲ್ಲಿ ಸೋಪಿನ ನೀರಿನಿಂದ ಒರೆಸಿ, ಬರೀ ನೀರಿನಿಂದ ಒರೆಸಿ, ಬಟ್ಟೆಯಿಂದ ತಿಕ್ಕದೆ ಒತ್ತಿ ಒಣಗಿಸಿ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಎರಡು ನಿಮಿಷ ಬಿಡಿ. ಪ್ಲಾಸ್ಟರಿನ ಉರುಳೆಯನ್ನು ಕಿಟಕಿಯಲ್ಲಿ ಇಡಬೇಡಿ, ಮುಚ್ಚಳ ಇರುವ ಡಬ್ಬಿಯಲ್ಲಿಡಿ. ತೊಡೆಯ ಮೇಲೆ ಕೂದಲಿದ್ದರೆ ಬ್ಲೇಡು ಹಾಕದೆ ಕತ್ತರಿಯಿಂದ ಸಣ್ಣಗೆ ಕತ್ತರಿಸಿ.

ಇನ್ನು ಪೈಪಿನ ಸಡಿಲದ ಮಾತು. ಮೂತ್ರದ ಕ್ಯಾಥೆಟರ್ ಒಳಗೆ ನಿಲ್ಲುವುದು ತುದಿಯ ಬಲೂನಿನಿಂದ. ಸಾಮಾನ್ಯವಾಗಿ ಅದರಲ್ಲಿ 10 ಮಿಲಿಲೀಟರ್ ನೀರು ತುಂಬಿರುತ್ತಾರೆ. ಎರಡು ಟೀ ಚಮಚ. ಸುಲಿದ ಅಡಿಕೆಗಿಂತ ಸ್ವಲ್ಪ ದೊಡ್ಡ ಉಂಡೆ ಅಂದುಕೊಳ್ಳಿ. 16 ನಂಬರಿನ ಪೈಪಿನ ದಪ್ಪ ಸುಮಾರು 5.3 ಮಿಲಿಮೀಟರ್. ಅಷ್ಟು ಸಣ್ಣ ದಾರಿಯ ಬಾಯಲ್ಲಿ ಅಷ್ಟು ದೊಡ್ಡ ಉಂಡೆ ಕೂತಿದೆ. ಹೊರಗಿನಿಂದ ಎಳೆದರೆ ಒಳಗೆ ಹೇಗಿರುತ್ತದೆ ಯೋಚಿಸಿ. ಅದರ ಮೇಲೆ ಬ್ಯಾಗಿನ ಭಾರ. 2 ಲೀಟರಿನ ಬ್ಯಾಗು ತುಂಬಿದರೆ ಹತ್ತಿರ ಹತ್ತಿರ 2 ಕಿಲೋ. ಪೂರ್ತಿ ತುಂಬಲು ಬಿಡಬೇಡಿ. ಬ್ಯಾಗು ಹೊಟ್ಟೆಯೊಳಗಿನ ಮೂತ್ರಚೀಲಕ್ಕಿಂತ ಕೆಳಗಿರಲಿ, ನೆಲಕ್ಕೆ ಮುಟ್ಟದಿರಲಿ.

ಎಷ್ಟು ಸಡಿಲ ಬಿಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಇಂತಿಷ್ಟೇ ಬೆರಳು ಅಂತ ಹೇಳಲು ಬರುವುದಿಲ್ಲ, ಒಬ್ಬೊಬ್ಬರ ಮೈ ಒಂದೊಂದು ಥರ. ಅಂಟಿಸುವ ಮೊದಲು ಪೈಪನ್ನು ತೊಡೆಯ ಮೇಲೆ ಬೆರಳಿನಿಂದ ಹಿಡಿದುಕೊಳ್ಳಿ. ಕಾಲು ಮಡಚಿಸಿ, ಚಾಚಿಸಿ, ಅಗಲಿಸಿ. ಯಾವ ಭಂಗಿಯಲ್ಲೂ ಪೈಪು ಬಿಗಿಯಾಗದೆ ಸಣ್ಣ ಬಳುಕು ಉಳಿಯುವ ಜಾಗ ಸಿಗುತ್ತದೆ. ಅಲ್ಲಿ ಅಂಟಿಸಿ. ಗಂಡಸರಿಗೆ ತೊಡೆಯ ಮೇಲ್ಭಾಗ ಅಥವಾ ಕಿಬ್ಬೊಟ್ಟೆ, ಹೆಂಗಸರಿಗೆ ಒಳತೊಡೆ. ಜಾಗವನ್ನು ಆಗಾಗ ಬದಲಿಸಿ, ಇವತ್ತು ಬಲ ತೊಡೆಯಾದರೆ ಮುಂದಿನ ಸಲ ಎಡ. ತೊಡೆಯ ಸುತ್ತ ದಾರ ಅಥವಾ ಬಟ್ಟೆ ಬಿಗಿದು ಕಟ್ಟುವುದಂತೂ ಬೇಡವೇ ಬೇಡ. ಕಾಲು ಊದುತ್ತದೆ.

ಅಂಟಿಸುವಾಗ ನಾನು ಎರಡು ಪಟ್ಟಿ ಬಳಸುತ್ತೇನೆ. ಬುಡದ ಪಟ್ಟಿ ಚರ್ಮಕ್ಕೆ. ಅದರ ಮೇಲೆ ಪೈಪು. ಇನ್ನೊಂದು ಪಟ್ಟಿಯನ್ನು ಪೈಪಿನ ಮೇಲಿಂದ ತಂದು, ಪೈಪಿನ ಕೆಳಗೆ ಎರಡೂ ಬದಿಯನ್ನು ಹೋಳಿಗೆಯ ಅಂಚಿನ ಹಾಗೆ ಚಿವುಟಿ ಸೇರಿಸಿ, ಉಳಿದ ರೆಕ್ಕೆಗಳನ್ನು ಬುಡದ ಪಟ್ಟಿಯ ಮೇಲೆ ಒತ್ತುತ್ತೇನೆ. ಪೈಪು ಪಟ್ಟಿಯೊಳಗೆ ಸುತ್ತಿಕೊಂಡು ಚರ್ಮದಿಂದ ಒಂದು ಕೂದಲೆಳೆ ಮೇಲೆ ನಿಲ್ಲುತ್ತದೆ. ಚರ್ಮಕ್ಕೆ ಒತ್ತಿ ಗುಂಡಿ ಬೀಳುವುದಿಲ್ಲ. ಬದಲಿಸುವಾಗ ಮೇಲಿನ ಪಟ್ಟಿ ಮಾತ್ರ ತೆಗೆದರಾಯಿತು, ಚರ್ಮಕ್ಕೆ ನೋವಿಲ್ಲ. ಪಟ್ಟಿಯ ತುದಿಯನ್ನು ಸ್ವಲ್ಪ ಮಡಚಿ ಕಿವಿಯ ಹಾಗೆ ಬಿಡಿ. ಮುಂದಿನ ಸಲ ಉಗುರಿನಿಂದ ಕೆರೆಯುವುದು ತಪ್ಪುತ್ತದೆ.

ಹೊಟ್ಟೆಗೆ ಊಟ ಕೊಡುವ ಮೂಗಿನ ಪೈಪಿಗೂ ಇದೇ ಮಾತು, ಇನ್ನೂ ಹೆಚ್ಚು ಎಚ್ಚರದಿಂದ. ಅದಕ್ಕೆ ರೈಲ್ಸ್ ಟ್ಯೂಬ್ ಅನ್ನುತ್ತಾರೆ, ಜಾನ್ ರೈಲ್ ಅನ್ನುವ ಇಂಗ್ಲೆಂಡಿನ ಡಾಕ್ಟರ ಹೆಸರು. ಗೋಕರ್ಣದ ಒಬ್ಬ ಅಮ್ಮಮ್ಮ ಕೊಂಕಣ ರೈಲ್ವೆಯವರೇ ಕೊಟ್ಟದ್ದು ಅಂತ ನಂಬಿದ್ದರು, ನಾನು ತಿದ್ದಲು ಹೋಗಲಿಲ್ಲ. ಹೆಚ್ಚಿನ ಮನೆಯಲ್ಲಿ ಈ ಪೈಪನ್ನು ಮೇಲಕ್ಕೆ ತಿರುಗಿಸಿ ಹಣೆಗೆ ಅಂಟಿಸಿರುತ್ತಾರೆ. ಊಟಕ್ಕೆ ಅಡ್ಡ ಬರುವುದಿಲ್ಲ ಅಂತ. ಆಗ ಪೈಪು ಹೊಳ್ಳೆಯ ಅಂಚನ್ನು ಮೇಲಕ್ಕೆ ಎತ್ತಿ ಒತ್ತುತ್ತಿರುತ್ತದೆ. ಕೆಲವೇ ದಿನದಲ್ಲಿ ಅಲ್ಲಿ ಹುಣ್ಣು. ಪೈಪು ಹೊಳ್ಳೆಯ ನಡುವಿನಿಂದ ನೇರ ಕೆಳಕ್ಕೆ ಇಳಿಯಬೇಕು, ಅಂಚಿಗೆ ತಾಗಬಾರದು. ಒಂದಿಂಚು ಅಗಲದ ಪಟ್ಟಿಯನ್ನು ಅರ್ಧದವರೆಗೆ ಪೈಜಾಮದ ಹಾಗೆ ಸೀಳಿ. ಸೊಂಟದ ಭಾಗ ಮೂಗಿನ ಮೇಲೆ. ಒಂದು ಕಾಲನ್ನು ಪೈಪಿಗೆ ಬಲದಿಂದ ಸುತ್ತಿ, ಇನ್ನೊಂದನ್ನು ಎಡದಿಂದ. ಆಮೇಲೆ ಕೆನ್ನೆಯ ಮೇಲೆ ಇನ್ನೊಂದು ಹಿಡಿತ, ನಡುವೆ ಬಳುಕು ಬಿಟ್ಟು. ತಲೆಯನ್ನು ಎರಡೂ ಕಡೆ ತಿರುಗಿಸಿ ನೋಡಿ. ಮೂಗಿಗೆ ಬೇಗ ಜಿಡ್ಡು ಬರುತ್ತದೆ, ಆದ್ದರಿಂದ ಈ ಪಟ್ಟಿಯನ್ನು ದಿನಾ ನೋಡಿ, ಸಡಿಲವಾದರೆ ಕೂಡಲೇ ಬದಲಿಸಿ. ಬದಲಿಸುವಾಗ ಒಬ್ಬರು ಪೈಪು ಹಿಡಿದಿರಲೇಬೇಕು. ಹೊಳ್ಳೆಯ ಹತ್ತಿರ ಪೈಪಿಗೆ ಮಾಡಿದ ಗುರುತು ಸರಿದಿದ್ದರೆ ಹನಿ ನೀರನ್ನೂ ಕೊಡಬೇಡಿ. ಪೂರ್ತಿ ಹೊರಬಂದರೆ ನೀವೇ ಒಳಗೆ ತೂರಿಸಬೇಡಿ. ಫೋನ್ ಮಾಡಿ.

ಆಪರೇಷನ್ ಆದ ಮೇಲೆ ಹೊಲಿಗೆ ಹಾಕಿ ಇಟ್ಟ ಪೈಪುಗಳ ಬಗ್ಗೆ, ಕುತ್ತಿಗೆಯ ಉಸಿರಿನ ಪೈಪಿನ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ. ಅವನ್ನು ಕಲಿಸಿಕೊಟ್ಟವರ ಕಣ್ಣೆದುರು ಮಾಡಿಯೇ ಕಲಿಯಬೇಕು.

ತೆಗೆಯುವುದೂ ಒಂದು ಕೆಲಸ. "ಒಂದೇ ಸಲ ಚರಕ್ಕನೆ ಎಳೆದರೆ ನೋವು ಕಡಿಮೆ" ಅನ್ನುವ ಮಾತನ್ನು ಯಾರು ಹುಟ್ಟಿಸಿದರೋ. ವಯಸ್ಸಾದವರ ಮೇಲೆ ಹಾಗೆ ಮಾಡಬೇಡಿ. ಅಂಚಿಗೆ ಎರಡು ಹನಿ ತೆಂಗಿನ ಎಣ್ಣೆ ಬಿಟ್ಟು ಕಾಯಿರಿ. ಆಕ್ಸಿಜನ್ ಇಟ್ಟವರ ಮುಖದ ಹತ್ತಿರ ಮಾತ್ರ ಎಣ್ಣೆ ಬೇಡ, ಬೆಂಕಿಯ ಅಪಾಯ. ಅಲ್ಲಿ ಒದ್ದೆ ಬಟ್ಟೆ ಸಾಕು. ಒಂದು ಕೈ ಚರ್ಮವನ್ನು ಒತ್ತಿ ಹಿಡಿದಿರಲಿ. ಇನ್ನೊಂದು ಕೈ ಪಟ್ಟಿಯನ್ನು ಮೇಲಕ್ಕೆ ಎತ್ತದೆ, ಅದರ ಮೇಲೇ ಹಿಂದಕ್ಕೆ ಮಡಚುತ್ತಾ ಚಾಪೆ ಸುತ್ತುವ ಹಾಗೆ ಬರಲಿ. ಆಮೇಲೆ ಎಣ್ಣೆ ತೊಳೆಯಿರಿ, ಇಲ್ಲದಿದ್ದರೆ ಹೊಸ ಪಟ್ಟಿ ಹಿಡಿಯುವುದಿಲ್ಲ.

ಆಸ್ಪತ್ರೆಗಳ ಮೇಲೂ ನನಗೆ ಬೇಸರ ಇದೆ. ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಇದನ್ನೆಲ್ಲ ಹೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ನೀವೇ ಕೇಳಿ. "ಸಿಸ್ಟರ್, ಒಂದು ಸಲ ಬಿಚ್ಚಿ ಹಾಕಿ ತೋರಿಸಿ" ಅನ್ನಿ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಹುಬ್ಬಳ್ಳಿಯಿಂದ ಶಿರಸಿಗೆ ಬರುವವರು ಸುಮಾರು 100 ಕಿಲೋಮೀಟರ್ ಗಾಡಿಯಲ್ಲಿ ಕೂರಬೇಕು. ಅಲ್ಲಿಂದ ಕುಮಟೆಗೆ ಇಳಿಯುವುದಾದರೆ ದೇವಿಮನೆ ಘಾಟಿನ ತಿರುವುಗಳು. ಒಮ್ಮೆ ಆ ಘಾಟಿಯಲ್ಲಿ ರೋಗಿಯ ಜೊತೆ ಬರುತ್ತಿದ್ದೆ. ಹತ್ತಿಸುವಾಗ ಅವಸರದಲ್ಲಿ ಮೂತ್ರದ ಬ್ಯಾಗನ್ನು ಸ್ಟ್ರೆಚರಿನ ಬದಲು ಆಂಬುಲೆನ್ಸಿನ ಸೀಟಿಗೆ ಸಿಕ್ಕಿಸಿದ್ದರು. ಪ್ರತಿ ತಿರುವಿಗೂ ಸ್ಟ್ರೆಚರ್ ಒಂದು ಕಡೆ, ಬ್ಯಾಗು ಇನ್ನೊಂದು ಕಡೆ. ಆ ಹೆಂಗಸಿನ ಮುಖ ಹಿಂಡುವುದನ್ನು ನೋಡಿ ಗಾಡಿ ನಿಲ್ಲಿಸಿ ಬದಲಿಸಿದೆ. ಹೊರಡುವ ಮೊದಲು ಆ ಕೊಕ್ಕೆ ಎಲ್ಲಿದೆ ಅಂತ ನೋಡಿಕೊಳ್ಳಿ.

ಇನ್ನೊಂದು ಮನೆಯ ವಿಷಯ ಹೇಳದೆ ಇರಲಾರೆ. ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಪಾರ್ಶ್ವವಾಯು ಆದ ಆಯಿಯ ಕೈಯನ್ನು ಹಳೆಯ ಸೀರೆಯ ತುಂಡಿನಿಂದ ಮಂಚಕ್ಕೆ ಕಟ್ಟಿದ್ದರು. "ಎಂತ ಮಾಡುದು ಸಿಸ್ಟರ್, ಮೂಗಿನ ಪೈಪು ಕಿತ್ತು ಹಾಕ್ತಾಳೆ" ಅಂತ ಮಗಳು ಅತ್ತಳು. ಮೂರು ಸಲ ಕಿತ್ತಿದ್ದರಂತೆ. ಪ್ರತಿ ಸಲವೂ ಪ್ಲಾಸ್ಟರ್ ಇನ್ನೂ ಬಿಗಿ. ಹಣೆಯ ಪಟ್ಟಿ ಬಿಚ್ಚಿ ನೋಡಿದರೆ ಹೊಳ್ಳೆಯ ಅಂಚು ಕೆಂಪಾಗಿ ಸೀಳಿತ್ತು. ಆ ಪಾಪದ ಜೀವ ನೋವಿದ್ದ ಕಡೆಗೆ ಕೈ ತರುತ್ತಿತ್ತು, ಅಷ್ಟೇ.

ಡಾಕ್ಟರ ಹತ್ತಿರ ಮಾತಾಡಿ ಪೈಪನ್ನು ಇನ್ನೊಂದು ಹೊಳ್ಳೆಗೆ ಹಾಕಿಸಿದೆವು. ಪೈಜಾಮದ ಪಟ್ಟಿ, ಕೆನ್ನೆಯ ಮೇಲೆ ಬಳುಕು. ಮಾತು ಅರಿವಿಲ್ಲದ ಎಲ್ಲ ರೋಗಿಗಳೂ ಇದರಿಂದ ಸುಮ್ಮನಾಗುತ್ತಾರೆ ಅಂತ ನಾನು ಹೇಳುವುದಿಲ್ಲ, ಕೆಲವರು ಆದರೂ ಕೀಳುತ್ತಾರೆ. ಈ ಆಯಿಯ ಕೈ ಬಿಚ್ಚಿ ಎರಡು ತಾಸು ಪಕ್ಕದಲ್ಲೇ ಕೂತೆ. ಕೈ ಒಂದು ಸಲ ಮೂಗಿನವರೆಗೆ ಬಂತು. ಪೈಪನ್ನು ಮುಟ್ಟಿ ನೋಡಿತು. ಆಮೇಲೆ ಕೆಳಗಿಳಿದು, ಮಗಳ ಬಳೆ ಹಿಡಿದುಕೊಂಡು ಹಾಗೇ ನಿದ್ದೆ ಹೋಯಿತು.