ಕಂಪನಿ ಹಣ ಕಟ್ಟಿದ ಮೇಲೂ ಹೋಟೆಲಿನವರು ನಮ್ಮ ಕಾರ್ಡ್ ಯಾಕೆ ಕೇಳುತ್ತಾರೆ?

ಪ್ರಶ್ನೆ: ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ಮುಂದಿನ ತಿಂಗಳು ಕಂಪನಿ ಕೆಲಸಕ್ಕೆ ದುಬೈಗೆ ಹೋಗುವುದಿದೆ. ಪಂಚತಾರಾ ಹೋಟೆಲಿನಲ್ಲಿ ಐದು ರಾತ್ರಿ. ರೂಮಿನ ದುಡ್ಡು ಕಂಪನಿಯೇ ಕಟ್ಟಿದೆ, ಆದರೂ ಕೌಂಟರಿನಲ್ಲಿ ನಮ್ಮ ಕಾರ್ಡ್ ಕೇಳುತ್ತಾರಂತೆ. ಯಾಕೆ? ಕಾರ್ಡಿನಲ್ಲಿ ಹಿಡಿದಿಡುವ ಹಣ ವಾಪಸ್ ಬರುತ್ತದೆಯೇ?

ಉತ್ತರ: ಕೇಳುತ್ತಾರೆ, ಹಣವೂ ಬರುತ್ತದೆ. ಯಾವ ಕಾರ್ಡ್ ಕೊಟ್ಟಿರಿ ಎಂಬುದರ ಮೇಲೆ ಎಷ್ಟು ಬೇಗ ಎನ್ನುವುದು ನಿಂತಿದೆ.

ಕಂಪನಿ ಕಟ್ಟಿರುವುದು ಸಾಮಾನ್ಯವಾಗಿ ರೂಮಿನ ಬಾಡಿಗೆ, ಹೆಚ್ಚೆಂದರೆ ಬೆಳಗಿನ ತಿಂಡಿಯದ್ದು. ಲಾಂಡ್ರಿ, ಮಿನಿಬಾರ್, ರೂಮಿಗೆ ತರಿಸಿಕೊಂಡ ಊಟ ನಿಮ್ಮ ಲೆಕ್ಕಕ್ಕೆ ಬರುತ್ತವೆ. ಅದಕ್ಕೆ ಭದ್ರತೆಯಾಗಿ ಕಾರ್ಡಿನಲ್ಲಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಮೊತ್ತ ಎಲ್ಲ ಕಡೆ ಒಂದೇ ಅಲ್ಲ. ರಾತ್ರಿಗೆ 300 ದಿರ್ಹಮ್ ಎಂದುಕೊಂಡರೆ ಐದು ರಾತ್ರಿಗೆ 1,500. ದಿರ್ಹಮ್‌ಗೆ 25 ರೂಪಾಯಿ ಲೆಕ್ಕ ಹಾಕಿದರೂ 37,500 ರೂಪಾಯಿ.

ಕ್ರೆಡಿಟ್ ಕಾರ್ಡ್ ಆದರೆ ಇಷ್ಟು ಲಿಮಿಟ್ ಕೆಲವು ದಿನ ಕಡಿಮೆಯಾಗುತ್ತದೆ, ಅಷ್ಟೇ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಸಂಬಳದ ಖಾತೆಯ ದುಡ್ಡೇ ಸಿಕ್ಕಿಬೀಳುತ್ತದೆ. ಹೋಟೆಲಿನವರು ಬಿಟ್ಟುಕೊಟ್ಟ ಮೇಲೂ ಅದು ಖಾತೆಗೆ ಮರಳಲು ಒಂದೆರಡು ವಾರ, ಕೆಲವೊಮ್ಮೆ ತಿಂಗಳೇ ಹಿಡಿಯಬಹುದು. ಆ ಮಧ್ಯೆ ಸಾಲದ ಕಂತಿನ ದಿನ ಬಂದರೆ ಕಂತು ಬೌನ್ಸ್ ಆಗಬಹುದು. ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡಿನ ಪಾಡೂ ಹೀಗೆಯೇ. ಹಾಗಾಗಿ ಭದ್ರತೆಗೆ ಕ್ರೆಡಿಟ್ ಕಾರ್ಡ್ ಕೊಡಿ, ಕೊನೆಯ ಬಿಲ್ಲನ್ನು ಬೇಕಿದ್ದರೆ ಫಾರೆಕ್ಸ್ ಕಾರ್ಡಿನಿಂದ ಕಟ್ಟಿ.

ಸಹಿ ಹಾಕುವ ಮೊದಲು ಸ್ಲಿಪ್ ಓದಿ. ‘ಪ್ರೀ-ಆಥರೈಸೇಷನ್’ ಎಂದಿದ್ದರೆ ಸರಿ, ಹಣವನ್ನು ಬರೀ ತಡೆಹಿಡಿದಿದ್ದಾರೆ. ‘ಸೇಲ್’ ಎಂದಿದ್ದರೆ ಹಣ ನಿಜವಾಗಿಯೇ ಕಡಿತವಾಗಿದೆ, ಆಮೇಲೆ ಅದನ್ನು ರೀಫಂಡ್ ಮಾಡಬೇಕಾಗುತ್ತದೆ. ಅಷ್ಟರಲ್ಲಿ ವಿನಿಮಯ ದರ ಬದಲಾಗಿ ನಷ್ಟವಾದರೆ ಅದು ನಿಮ್ಮದು. ವಿದೇಶಿ ವ್ಯವಹಾರಕ್ಕೆ ಬ್ಯಾಂಕ್ ಹಾಕುವ ಶುಲ್ಕ, ಅನೇಕ ಕಾರ್ಡುಗಳಲ್ಲಿ ಶೇ. 2ರಿಂದ 3.5, ಅದರ ಮೇಲೆ ಶೇ. 18 ಜಿಎಸ್‌ಟಿ, ವಾಪಸ್ ಬಾರದೇ ಹೋಗಬಹುದು.

ಕಾರ್ಡ್ ಅಲ್ಲಿ ನಡೆಯದೇ ಇರುವುದಕ್ಕೆ ಕಾರಣ ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಬರುತ್ತದೆ, ಆ್ಯಪಿನಲ್ಲಿ ನಾವೇ ತೆರೆಯಬೇಕು. ಹೋಟೆಲಿನ ಮೆಷಿನ್ ಪಿನ್ ಕೇಳುತ್ತದೆ. ಕ್ರೆಡಿಟ್ ಕಾರ್ಡಿಗೆ ಪಿನ್ ಇಡದೇ ಹೋದವರು ಕೌಂಟರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಇವೆರಡನ್ನೂ ಶಿವಮೊಗ್ಗದಲ್ಲಿರುವಾಗಲೇ ಮುಗಿಸಿ. ಹೊರಡುವ ಹಿಂದಿನ ದಿನ ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಯಲ್ಲಿ ಕೂತು ಮಾಡೋಣವೆಂದರೆ, ನೆಟ್‌ವರ್ಕ್ ಇಲ್ಲದೆ ಓಟಿಪಿಯೇ ಬಾರದು. ಸಿಮ್‌ಗೆ ರೋಮಿಂಗ್ ಕೂಡ ಹಾಕಿಸಿಕೊಳ್ಳಿ.

ಈ ಭದ್ರತೆಗೆ ಕತ್ತರಿ ಬೀಳುವುದು ಹೇಗೆ? ಬಚ್ಚಲಿನಲ್ಲಿ ಹಂಡೆಯ ನೀರು ಧಾರಾಳವಾಗಿ ಸುರಿದುಕೊಂಡು ಅಭ್ಯಾಸವಾದವರು ಇದನ್ನು ಗಮನಿಸಬೇಕು: ಅಲ್ಲಿನ ಬಾತ್‌ರೂಮಿನಲ್ಲಿ ಶವರ್ ಜಾಗ ಬಿಟ್ಟರೆ ಉಳಿದ ನೆಲಕ್ಕೆ ನೀರು ಹೋಗುವ ದಾರಿ ಇರದಿರಬಹುದು. ಟಬ್ಬಿನ ಹೊರಗೆ ನಿಂತು ಮಿಂದರೆ ನೀರು ರೂಮಿನ ಕಾರ್ಪೆಟ್ಟಿಗೆ ಇಳಿಯುತ್ತದೆ. ಟಬ್ಬಿನೊಳಗೆ ನಿಂತು ಪರದೆಯ ಅಂಚನ್ನೂ ಒಳಗೇ ಬಿಡಿ. ಊದುಬತ್ತಿ ಹಚ್ಚಿದರೆ ಹೊಗೆಯ ಅಲಾರಂ ಕೂಗಬಹುದು, ಶುಚಿಗೊಳಿಸುವ ಶುಲ್ಕವೂ ಬೀಳಬಹುದು. ಕೆಲವು ಮಿನಿಬಾರ್‌ಗಳಲ್ಲಿ ಸೆನ್ಸರ್ ಇರುತ್ತದೆ, ಬಾಟಲಿ ಎತ್ತಿಟ್ಟರೂ ಬಿಲ್ಲಿಗೆ ಸೇರುತ್ತದೆ. ‘ಕಾಂಪ್ಲಿಮೆಂಟರಿ’ ಎಂದು ಬರೆದ ನೀರಿಗೆ ಮಾತ್ರ ದುಡ್ಡಿಲ್ಲ.

ಕೇಳಿ ಪಡೆಯಬೇಕಾದ್ದೂ ಇದೆ. ಸಂಕೋಚದಿಂದ ಸುಮ್ಮನಿರಬೇಡಿ, ಇಂಥ ಹೋಟೆಲಿನ ಬಾಡಿಗೆಯಲ್ಲಿ ಈ ಸೇವೆಯ ಬೆಲೆಯೂ ಸೇರಿದೆ. ಇಸ್ತ್ರಿಪೆಟ್ಟಿಗೆ, ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್, ಬೆಳಗಿನ ಜಾವ ಎಬ್ಬಿಸುವ ಕರೆ, ಚೆಕ್‌ಔಟ್ ಬಳಿಕ ಲಗೇಜ್ ಇಡಲು ಜಾಗ ಸಾಮಾನ್ಯವಾಗಿ ಪುಕ್ಕಟೆ. ಸಸ್ಯಾಹಾರಿಗಳಾದರೆ ಮೊಟ್ಟೆಯನ್ನೂ ತಿನ್ನುವುದಿಲ್ಲವೆಂದು ಬಿಡಿಸಿ ಹೇಳಿ. ತಿಂಡಿಗೆ ಮುಂಚೆಯೇ ಹೊರಡಬೇಕಿದ್ದರೆ, ಕಟ್ಟಿಕೊಡುವಿರಾ ಎಂದು ಹಿಂದಿನ ಸಂಜೆಯೇ ವಿಚಾರಿಸಿ.

ಬಿಡುವ ಹಿಂದಿನ ರಾತ್ರಿ ಬಿಲ್ಲಿನ ಪ್ರತಿ ತರಿಸಿ ನೋಡಿ. ದುಬೈನಲ್ಲಿ ಪಂಚತಾರಾ ರೂಮಿಗೆ ರಾತ್ರಿಗೆ 20 ದಿರ್ಹಮ್ ‘ಟೂರಿಸಂ ದಿರ್ಹಮ್’ ಎಂಬ ಪ್ರವಾಸಿ ಶುಲ್ಕ ಇದೆ. ಮುಂಗಡ ಬುಕಿಂಗಿನಲ್ಲಿ ಅನೇಕ ಸಲ ಇದು ಸೇರಿರುವುದಿಲ್ಲ, ನಿಮ್ಮ ಐದು ರಾತ್ರಿಗೆ 100 ಆಗುತ್ತದೆ. ಮೆಷಿನ್ ‘ರೂಪಾಯಿಯೋ ದಿರ್ಹಮೋ’ ಎಂದರೆ ದಿರ್ಹಮ್ ಒತ್ತಿ, ರೂಪಾಯಿಗೆ ಅಲ್ಲೇ ಪರಿವರ್ತಿಸುವ ದರ ದುಬಾರಿ. ಬೇರೆ ಕಾರ್ಡಿನಿಂದ ಬಿಲ್ ಕಟ್ಟಿದರೆ ಮೊದಲಿನ ತಡೆಯನ್ನು ತೆಗೆಯಲು ಹೇಳಿ, ರಿಲೀಸ್ ಸ್ಲಿಪ್ ಇಸಿದುಕೊಳ್ಳಿ. 30 ದಿನವಾದರೂ ತಡೆ ಹೋಗದಿದ್ದರೆ ಬ್ಯಾಂಕಿಗೆ ಆ ಸ್ಲಿಪ್ಪನ್ನೇ ತೋರಿಸಿ.